ಹಿಂದಿನ ಚಕ್ರದ ಕಾರು, ಮ್ಯೂನಿಕ್‌ನ ಚಳಿ

ಪ್ರಶ್ನೆ: ನಾನು ಪೆರ್ಲದವನು. ಎರಡು ವರ್ಷದಿಂದ ಮ್ಯೂನಿಕ್‌ನಲ್ಲಿ ಕೆಲಸ. ಚಿಕ್ಕಂದಿನ ಆಸೆ ಎಂದು ಕಳೆದ ಜೂನ್‌ನಲ್ಲಿ ಸೆಕೆಂಡ್ ಹ್ಯಾಂಡ್ ಟೊಯೊಟಾ ಜಿಟಿ86 ತೆಗೆದುಕೊಂಡೆ, ಹಿಂದಿನ ಚಕ್ರ ದೂಡುವ ಸ್ಪೋರ್ಟ್ಸ್ ಕಾರು, ಮ್ಯಾನುವಲ್ ಗೇರ್. ಹಿಂದಿನ ಮಾಲೀಕರು 18 ಇಂಚಿನ ರಿಮ್ಮಿಗೆ ಅಗಲದ ಸ್ಪೋರ್ಟ್ಸ್ ಟಯರ್ ಹಾಕಿಸಿದ್ದಾರೆ. ಬೇಸಿಗೆಯಲ್ಲಿ ಕಾರು ರಸ್ತೆಗೆ ಅಂಟಿಕೊಂಡ ಹಾಗೆ ಓಡುತ್ತಿತ್ತು. ಮೊನ್ನೆ ಬೆಳಿಗ್ಗೆ ಆಫೀಸಿಗೆ ಹೋಗುವಾಗ ಒಂದು ಸರ್ಕಲ್ ದಾಟಿ ಹೊರಗೆ ಬರುವಷ್ಟರಲ್ಲಿ ಹಿಂಭಾಗ ಜಾರಿ ಕಾರು ಅಡ್ಡ ನಿಂತಿತು. ಹಿಮ ಬಿದ್ದಿರಲಿಲ್ಲ. ರಸ್ತೆ ಸ್ವಲ್ಪ ಒದ್ದೆ, ಹೊರಗೆ 3 ಡಿಗ್ರಿ, ಸ್ಪೀಡು 30 ಇದ್ದರೆ ಹೆಚ್ಚು. ಆಫೀಸಿನವರೆಲ್ಲ 'ಚಳಿಗಾಲಕ್ಕೆ ಈ ಕಾರು ಆಗುವುದಲ್ಲ, ಮಾರಿ ಫೋರ್ ವೀಲ್ ಡ್ರೈವ್ ತಗೋ' ಅನ್ನುತ್ತಾರೆ. ಕ್ರಿಸ್‌ಮಸ್ ರಜೆಗೆ ಅಪ್ಪ, ಅಮ್ಮ ಬರುತ್ತಾರೆ. ಅವರನ್ನು ಇದೇ ಕಾರಿನಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ಗೆ ಕರೆದುಕೊಂಡು ಹೋಗಬೇಕು ಎಂದಿದ್ದೆ. ಈ ಕಾರನ್ನು ಹಿಮದಲ್ಲಿ ಓಡಿಸಬಹುದಾ, ಇಲ್ಲ ಮಾರುವುದೇ ಸರಿಯಾ?

ಉತ್ತರ: ಓಡಿಸಬಹುದು. ಮಾರಬೇಡಿ. ಆದರೆ ಈಗಿರುವ ಟಯರಿನಲ್ಲಿ ಇನ್ನು ಒಂದು ದಿನವೂ ಬೇಡ. ಕೀಯನ್ನು ಡ್ರಾಯರಿನಲ್ಲಿ ಇಟ್ಟು, ಟಯರ್ ಬದಲಾಯಿಸುವವರೆಗೆ ಟ್ರೈನಿನಲ್ಲಿ ಆಫೀಸಿಗೆ ಹೋಗಿ.

ನಾನೀಗ ಬದಿಯಡ್ಕದ ಹತ್ತಿರ ಗ್ಯಾರೇಜ್ ಇಟ್ಟುಕೊಂಡಿದ್ದೇನೆ. ಅದಕ್ಕೆ ಮೊದಲು ಹನ್ನೊಂದು ವರ್ಷ ಬವೇರಿಯಾದಲ್ಲಿ, ಆಲ್ಪ್ಸ್ ಬುಡದ ಒಂದು ಸಣ್ಣ ಊರಿನ ಗ್ಯಾರೇಜಿನಲ್ಲಿ ಕೆಲಸ ಮಾಡಿದ್ದೆ. ಪ್ರತಿ ನವೆಂಬರಿನಲ್ಲಿ ನಿಮ್ಮ ಥರದ ಕತೆಗಳು ಸಾಲಾಗಿ ಬರುತ್ತಿದ್ದವು. ಎಲ್ಲರದ್ದೂ ಒಂದೇ ಮಾತು: 'ಹಿಮವೇ ಇರಲಿಲ್ಲ, ಸ್ಪೀಡೂ ಇರಲಿಲ್ಲ.' ಎರಡೂ ನಿಜ. ಜಾರಿದ್ದು ಹಿಮದಿಂದ ಅಲ್ಲ, ರಬ್ಬರಿನಿಂದ.

ಸಮ್ಮರ್ ಟಯರಿನ ರಬ್ಬರು ಬಿಸಿಯಲ್ಲಿ ಕೆಲಸ ಮಾಡಲೆಂದೇ ಮಾಡಿದ್ದು. ರಬ್ಬರು ಮೆತ್ತಗಿದ್ದರೆ ಡಾಂಬರಿನ ಸಣ್ಣ ಸಣ್ಣ ಉಬ್ಬುತಗ್ಗಿನೊಳಗೆ ಇಳಿದು ಹಿಡಿಯುತ್ತದೆ. ತಣ್ಣಗಾದಂತೆ ಗಟ್ಟಿಯಾಗುತ್ತದೆ, ಮೇಲೆ ಮೇಲೆ ಉಜ್ಜಿಕೊಂಡು ಹೋಗುತ್ತದೆ. ಮಳೆಗಾಲದಲ್ಲಿ ಹಳೇ ಹವಾಯಿ ಚಪ್ಪಲಿ ಹಾಕಿಕೊಂಡು ಸಿಮೆಂಟ್ ಅಂಗಳದಲ್ಲಿ ನಡೆದ ಹಾಗೆ. 7 ಡಿಗ್ರಿಗಿಂತ ಕೆಳಗೆ ಸಮ್ಮರ್ ಟಯರ್ ಬೇಡ ಎಂದು ಒಂದು ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಅದೇನು ಕತ್ತರಿಸಿದಂಥ ಗೆರೆಯಲ್ಲ. 8 ಡಿಗ್ರಿಯಲ್ಲಿ ಹಿಡಿದು 6ಕ್ಕೆ ಬಿಡುವುದಿಲ್ಲ. ಒಣ ರಸ್ತೆಯಾದರೆ 5 ಡಿಗ್ರಿಯಲ್ಲೂ ಸಾಧಾರಣ ಸಮ್ಮರ್ ಟಯರ್ ಚೆನ್ನಾಗಿಯೇ ಬ್ರೇಕ್ ಹಿಡಿಯಬಹುದು. ಆದರೆ ಟಯರ್ ಎಷ್ಟು ಸ್ಪೋರ್ಟ್ಸ್ ಆಗಿದೆಯೋ ಚಳಿಗೆ ಅಷ್ಟು ಬೇಗ ಸೋಲುತ್ತದೆ. ರೇಸ್ ಟ್ರ್ಯಾಕಿಗೆ ಹತ್ತಿರದ ಕೆಲವು ಟಯರುಗಳು ಸೊನ್ನೆಗಿಂತ ಕೆಳಗೆ ಬಿರುಕು ಬಿಡುವುದೂ ಉಂಟು. ಅಂಥ ಚಳಿಯಲ್ಲಿ ಉರುಳಿಸಲೇಬೇಡಿ ಎಂದು ಕಂಪನಿಯವರೇ ಬರೆದಿರುತ್ತಾರೆ.

ತಮಾಷೆ ಎಂದರೆ, ನಿಮ್ಮ ಕಾರಿಗೆ ಟೊಯೊಟಾದವರು ಮೊದಲು ಹಾಕಿ ಕೊಟ್ಟದ್ದು ಅಗಲದ ಟಯರೇ ಅಲ್ಲ. 215/45 ಆರ್ 17 ಸೈಜಿನ, ಮಿಶೆಲಿನ್ ಕಂಪನಿಯ ಪ್ರೈಮಸಿ ಎಂಬ ಸಾಧಾರಣ ಟಯರು. ಪ್ರಿಯಸ್‌ನಂಥ ಸಾಧು ಕಾರಿಗೂ ಅದೇ ಹೋಗುತ್ತಿತ್ತು. ಕಡಿಮೆ ವೇಗದಲ್ಲೇ ಕಾರು ಸ್ವಲ್ಪ ಜಾರಲಿ, ಓಡಿಸುವವರಿಗೆ ಅದರ ಮನಸ್ಸು ಗೊತ್ತಾಗಲಿ ಎಂದು ಬೇಕೆಂದೇ ಹಾಗೆ ಮಾಡಿದ್ದು. ಹಿಂದಿನ ಮಾಲೀಕರು ಅದನ್ನು ತೆಗೆದು ಅಗಲದ್ದು ಹಾಕಿಸಿದರು. ಬೇಸಿಗೆಯಿಡೀ ಅದು ನಿಮಗೆ ಧೈರ್ಯ ಕೊಟ್ಟಿತು. ಚಳಿಯ ದಿನ ಏನೂ ಹೇಳದೆ ಕೈಕೊಟ್ಟಿತು.

ಸರ್ಕಲ್ಲಿನಲ್ಲಿ ಆದದ್ದು ಹೀಗಿರಬೇಕು. ಎರಡನೇ ಗೇರು. ಹೊರಗೆ ಬರುವಾಗ ಸ್ಟೀರಿಂಗ್ ಇನ್ನೂ ತಿರುಗಿದೆ, ಅಷ್ಟರಲ್ಲಿ ಕಾಲು ಆಕ್ಸಿಲರೇಟರಿನ ಮೇಲೆ. ದಿನಾ ಮಾಡುವುದನ್ನೇ ಮಾಡಿದ್ದೀರಿ. ಈ ಕಾರಿನ ಹಿಂದಿನ ಆಕ್ಸಲ್‌ನಲ್ಲಿ ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್ ಇದೆ. ಒಂದು ಚಕ್ರ ಸುಮ್ಮನೆ ತಿರುಗಲು ಬಿಡದೆ ಶಕ್ತಿಯನ್ನು ಇನ್ನೊಂದಕ್ಕೂ ಹಂಚುತ್ತದೆ. ಒಳ್ಳೆಯ ರಸ್ತೆಯಲ್ಲಿ ಅದೇ ಅದರ ಗಮ್ಮತ್ತು. ಹಿಡಿತವೇ ಇಲ್ಲದ ಕಡೆ ಎರಡೂ ಚಕ್ರ ಒಟ್ಟಿಗೆ ಬಿಡುತ್ತವೆ. ಎರಡೂ ಬಿಟ್ಟರೆ ಹಿಂಭಾಗವನ್ನು ನೇರ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ. ಅಂದಹಾಗೆ, ಗೇರಿನ ಹತ್ತಿರ 'ಸ್ಪೋರ್ಟ್' ಎಂದು ಬರೆದ ಒಂದು ಬಟನ್ ಇದೆಯಲ್ವಾ? ಅದು ಕಾರಿನ ವೇಗ ಜಾಸ್ತಿ ಮಾಡುವುದಿಲ್ಲ. ಜಾರುವಾಗ ಕಂಪ್ಯೂಟರ್ ಅಡ್ಡ ಬರುವುದನ್ನು ತಡ ಮಾಡುತ್ತದೆ. ಬೇಸಿಗೆಯ ಅಭ್ಯಾಸದಲ್ಲಿ ಅವತ್ತೂ ಅದನ್ನು ಒತ್ತಿದ್ದಿರಾ, ನೆನಪು ಮಾಡಿಕೊಳ್ಳಿ. ಇನ್ನು ಏಪ್ರಿಲ್‌ವರೆಗೆ ಅದನ್ನು ಮುಟ್ಟಬೇಡಿ.

ಈಗ ಟಯರ್ ಕೊಳ್ಳುವ ವಿಷಯ. ಇದರಲ್ಲಿ ಜಿಪುಣತನ ಬೇಡ.

ವಿಂಟರ್ ಟಯರಿನ ರಬ್ಬರಿನಲ್ಲಿ ಸಿಲಿಕಾ ಜಾಸ್ತಿ, ಸೊನ್ನೆಗಿಂತ ಕೆಳಗೂ ಅದು ಮೆತ್ತಗೆ ಉಳಿಯುತ್ತದೆ. ಮೇಲ್ಮೈಯಲ್ಲಿ ಬ್ಲೇಡಿನಿಂದ ಗೀರಿದ ಹಾಗೆ ನೂರಾರು ಸಣ್ಣ ಸೀಳುಗಳಿರುತ್ತವೆ. ಹಿಮ ಅದರೊಳಗೆ ತುಂಬಿಕೊಳ್ಳುತ್ತದೆ. ನಮ್ಮೂರಿನಲ್ಲಿ ಟಯರಿಗೆ ಕೆಸರು ತುಂಬಿದರೆ ಕತೆ ಮುಗಿಯಿತು, ಅಲ್ವಾ? ಅಲ್ಲಿ ಉಲ್ಟಾ. ಹಿಮಕ್ಕೆ ಹಿಮ ಚೆನ್ನಾಗಿ ಅಂಟುತ್ತದೆ. ಮಕ್ಕಳು ಹಿಮದ ಉಂಡೆ ಕಟ್ಟುವುದು ನೋಡಿದ್ದೀರಲ್ಲ, ಅದೇ ಗುಣ. ಟಯರಿನ ಸೀಳಿನ ಹಿಮ ರಸ್ತೆಯ ಹಿಮವನ್ನು ಹಿಡಿಯುತ್ತದೆ.

ಕೊಳ್ಳುವಾಗ ಬದಿಯಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಚಿಹ್ನೆ ನೋಡಿ. ಬರೀ 'ಎಂ+ಎಸ್' (ಕೆಸರು, ಹಿಮ) ಎಂದು ಬರೆದಿದ್ದರೆ ಸಾಲದು. ಜರ್ಮನಿಯಲ್ಲಿ 2024ರ ಅಕ್ಟೋಬರ್ 1ರಿಂದ ಬೆಟ್ಟದ ಚಿಹ್ನೆ ಇದ್ದರೆ ಮಾತ್ರ ವಿಂಟರ್ ಟಯರ್ ಎಂದು ಲೆಕ್ಕ. ಅಲ್ಲಿ ಇಂಥ ತಾರೀಕಿನಿಂದ ಹಾಕಲೇಬೇಕು ಎಂಬ ಕಾನೂನಿಲ್ಲ. ರಸ್ತೆಯಲ್ಲಿ ಹಿಮ, ಐಸ್, ಕೆಸರುಹಿಮ ಇದ್ದಾಗ ಇರಲೇಬೇಕು, ಅಷ್ಟೇ. ಇಲ್ಲದಿದ್ದರೆ 60 ಯೂರೋ ದಂಡ, ಲೈಸೆನ್ಸಿನ ಲೆಕ್ಕಕ್ಕೆ ಒಂದು ಪಾಯಿಂಟ್. ದಂಡ ದೊಡ್ಡದಲ್ಲ. ಸಮ್ಮರ್ ಟಯರಿನಲ್ಲಿ ಹಿಮದ ಮೇಲೆ ಹೋಗಿ ಗುದ್ದಿದರೆ ಇನ್ಶೂರೆನ್ಸಿನವರು ನಿಮ್ಮ ಕಾರಿನ ರಿಪೇರಿ ಹಣದಲ್ಲಿ ಕಡಿತ ಮಾಡಬಹುದು. ಬಿಸಿ ತಟ್ಟುವುದು ಅಲ್ಲಿ. ಅಕ್ಟೋಬರಿನಿಂದ ಈಸ್ಟರ್‌ವರೆಗೆ ಎಂದು ಅಲ್ಲಿನವರು ರೂಢಿಯಲ್ಲಿ ಹೇಳುತ್ತಾರೆ, ಅದನ್ನು ಪಾಲಿಸಿದರೆ ಸಾಕು.

ಸೈಜು ಚಿಕ್ಕದಾಗಲಿ. 18 ಇಂಚು ಬೇಡ. ಈ ಕಾರಿಗೆ 16 ಇಂಚಿನ ರಿಮ್, 205/55 ಸೈಜಿನ ಟಯರ್ ಕೂರುತ್ತದೆ. ಜಪಾನಿನಲ್ಲಿ ಕಡಿಮೆ ಬೆಲೆಯ ಮಾಡೆಲಿಗೆ ಕಂಪನಿಯೇ ಅದನ್ನು ಹಾಕುತ್ತಿತ್ತು. ಆದರೆ ನಿಮ್ಮ ಕಾರಿನ ಕಾಗದದಲ್ಲಿ ಆ ಸೈಜಿಗೆ ಒಪ್ಪಿಗೆ ಇದೆಯಾ ಎಂದು ನೋಡಿಯೇ ಕೊಳ್ಳಿ. ಜರ್ಮನಿಯಲ್ಲಿ ಈ ವಿಷಯದಲ್ಲಿ 'ಅಡ್ಜಸ್ಟ್ ಮಾಡಿ' ಎಂಬ ಮಾತು ನಡೆಯುವುದಿಲ್ಲ. ಚಿಕ್ಕದು ಯಾಕೆಂದರೆ, ಅಗಲದ ಟಯರ್ ಹಿಮದ ಮೇಲೆ ತೇಲುತ್ತದೆ. ಕಿರಿದಾದದ್ದು ಹಿಮವನ್ನು ಕೊಯ್ದು ಕೆಳಗಿನ ಗಟ್ಟಿ ನೆಲಕ್ಕೆ ಇಳಿಯುತ್ತದೆ. ಟಯರಿನ ಬದಿ ಎತ್ತರವಿದ್ದರೆ ಹಿಮದಡಿಯಲ್ಲಿ ಕಾಣದ ಗುಂಡಿಗೆ ಬಿದ್ದಾಗ ರಿಮ್ ಉಳಿಯುತ್ತದೆ. ಬೆಲೆಯೂ ಕಡಿಮೆ. ನೋಡಲು ಅಷ್ಟು ಚಂದ ಇರಲಿಕ್ಕಿಲ್ಲ. ಇರಲಿ, ಮೂರು ತಿಂಗಳು ರಸ್ತೆಗೆ ಎರಚುವ ಉಪ್ಪು ಮೆತ್ತಿಕೊಂಡು ಹೇಗೂ ಚಂದ ಕಾಣುವುದಿಲ್ಲ.

ಇನ್ನೊಂದು ಸಣ್ಣ ವಿಷಯ, ಇದನ್ನು ಹೆಚ್ಚಿನವರು ಮರೆಯುತ್ತಾರೆ. ನಿಮ್ಮ ಕಾರಿನ ಗರಿಷ್ಠ ವೇಗ ಗಂಟೆಗೆ 226 ಕಿ.ಮೀ. ವಿಂಟರ್ ಟಯರಿನಲ್ಲಿ 'ಎಚ್' ಎಂದಿದ್ದರೆ ಅದು 210ಕ್ಕೆ ಮಾತ್ರ. ಹಾಗಿದ್ದರೆ ಡ್ರೈವರಿಗೆ ಕಾಣುವ ಕಡೆ '210' ಎಂಬ ಸ್ಟಿಕರ್ ಅಂಟಿಸಲೇಬೇಕು. ಟಯರ್ ಅಂಗಡಿಯಲ್ಲೇ ಕೊಡುತ್ತಾರೆ. ಬದಿಯಲ್ಲಿರುವ ನಾಲ್ಕು ಅಂಕಿಯನ್ನೂ ಓದಿ. ಮೊದಲೆರಡು ಟಯರ್ ಮಾಡಿದ ವಾರ, ಕೊನೆಯೆರಡು ವರ್ಷ. ಆರೇಳು ವರ್ಷ ದಾಟಿದ ವಿಂಟರ್ ಟಯರನ್ನು ನಾನಂತೂ ಹಾಕುವುದಿಲ್ಲ, ಎಷ್ಟು ಹಲ್ಲಿದ್ದರೂ. ಹಲ್ಲಿನ ಆಳ ಕಾನೂನಿಗೆ 1.6 ಮಿ.ಮೀ. ಸಾಕು. ಹಿಮಕ್ಕೆ ಸಾಲದು. 4 ಮಿ.ಮೀ.ಗಿಂತ ಕೆಳಗಿಳಿದರೆ ಬದಲಾಯಿಸಿ. ನೀವು ಆಸ್ಟ್ರಿಯಾಕ್ಕೆ ಹೋಗುವವರಾದ್ದರಿಂದ ಇದು ಬರೀ ಬುದ್ಧಿಮಾತೂ ಅಲ್ಲ, ಅಲ್ಲಿ 4 ಮಿ.ಮೀ.ಯೇ ಕಾನೂನು.

ನಾಲ್ಕೂ ಬದಲಾಯಿಸಿ. ಹಿಂದಿನ ಚಕ್ರವೇ ಕಾರನ್ನು ದೂಡುವುದು, ಹಾಗಾದರೆ ಹಿಂದಕ್ಕೆ ಎರಡು ಹಾಕಿದರೆ ಸಾಕಲ್ಲ ಎಂದು ಒಬ್ಬರು ನಮ್ಮ ಗ್ಯಾರೇಜಿನಲ್ಲಿ ಹಟ ಹಿಡಿದಿದ್ದರು. ನಾವು ಹಾಕಿಕೊಡಲಿಲ್ಲ. ಬೇರೆಲ್ಲೋ ಹಾಕಿಸಿಕೊಂಡರು. ಕಾರು ಚೆನ್ನಾಗಿಯೇ ಹೊರಟಿತಂತೆ. ಮೊದಲ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದರು, ಕಾರು ನೇರ ಹೋಗಿ ಬೇಲಿಗೆ ಮುತ್ತಿಟ್ಟಿತು. ಎಳೆದು ತರಲು ಹೋದವನು ನಾನೇ.

ಫೋರ್ ವೀಲ್ ಡ್ರೈವಿನ ಮಾತನ್ನು ಇಲ್ಲೇ ಮುಗಿಸುತ್ತೇನೆ. ಅದು ಹೊರಡಲು ಸಹಾಯ, ಚಡಾವು ಹತ್ತಲು ಸಹಾಯ. ನಿಲ್ಲಲು ಅಲ್ಲ. ಬ್ರೇಕ್ ಎಲ್ಲಾ ಕಾರಿಗೂ ನಾಲ್ಕು ಚಕ್ರಕ್ಕೇ ಇರುವುದು. ಹಿಮ ಬಿದ್ದ ಮಾರನೇ ದಿನ ನಾವು ಹೊಂಡದಿಂದ ಎತ್ತಿದ ಗಾಡಿಗಳಲ್ಲಿ ಎತ್ತರದ ಫೋರ್ ವೀಲ್ ಡ್ರೈವ್‌ಗಳಿಗೆ ಬರಗಾಲ ಇರಲಿಲ್ಲ. ಸುಲಭವಾಗಿ ಹೊರಟ ಗಾಡಿ ಸುಲಭವಾಗಿ ನಿಲ್ಲುತ್ತದೆ ಎಂದು ನಂಬಿದವರು ಅವರು. ಒಳ್ಳೆಯ ವಿಂಟರ್ ಟಯರಿನ ನಿಮ್ಮ ಜಿಟಿ86, ಸಮ್ಮರ್ ಟಯರಿನ ಅಂಥ ಗಾಡಿಗಿಂತ ಎಷ್ಟೋ ಮೇಲು.

ಇನ್ನು ಓಡಿಸುವುದು. ನೀವು ಪೆರ್ಲದವರಾದ್ದರಿಂದ ನನ್ನ ಕೆಲಸ ಅರ್ಧ ಕಡಿಮೆ. ಸಂಕ ದಾಟಿದ್ದೀರಲ್ಲ? ಆಟಿ ತಿಂಗಳು, ತೋಡು ತುಂಬಿ ಕೆಂಪಗೆ ಹರಿಯುತ್ತಿದೆ, ಅಡ್ಡ ಹಾಕಿದ ಎರಡು ಅಡಿಕೆ ಮರ, ಮೇಲೆ ಪಾಚಿ. ಅಲ್ಲಿ ಯಾರೂ ಓಡುವುದಿಲ್ಲ, ಆದರೆ ನಡುವೆ ಹೆದರಿ ನಿಲ್ಲುವುದೂ ಇಲ್ಲ. ಪಾದ ಪೂರ್ತಿ ಊರಿ, ಭಾರವನ್ನು ಮೆಲ್ಲಗೆ ಒಂದು ಕಾಲಿನಿಂದ ಇನ್ನೊಂದಕ್ಕೆ ಕೊಡುತ್ತಾರೆ. ಕಣ್ಣು ಆಚೆ ದಡದಲ್ಲಿ. ಹಿಮದಲ್ಲಿ ಕಾರು ಓಡಿಸುವುದು ಇಷ್ಟೇ ಮಾರಾಯ್ರೇ. ಉಳಿದದ್ದೆಲ್ಲ ಇದರ ವಿವರಣೆ.

ಮೊದಲು ದೂರದ ಲೆಕ್ಕ ತಲೆಗೆ ಹೋಗಬೇಕು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಒಣ ಡಾಂಬರಿನಲ್ಲಿ ಬ್ರೇಕ್ ಒತ್ತಿದರೆ ಸುಮಾರು 12 ಮೀಟರಿನಲ್ಲಿ ಕಾರು ನಿಲ್ಲುತ್ತದೆ. ಗಟ್ಟಿಯಾಗಿ ಕೂತ ಹಿಮದಲ್ಲಿ ಅದೇ ಸುಮಾರು 40 ಮೀಟರ್. ನುಣುಪು ಐಸಿನಲ್ಲಿ 100 ಮೀಟರ್ ಹತ್ತಿರ. ಇದು ಬರೀ ಬ್ರೇಕ್ ಹಿಡಿದ ಮೇಲಿನ ದೂರ. ನಿಮ್ಮ ತಲೆ 'ಅಯ್ಯೋ' ಎಂದು ಕಾಲಿಗೆ ಹೇಳುವಷ್ಟರಲ್ಲಿ ಇನ್ನೂ 14 ಮೀಟರ್ ಹೋಗಿರುತ್ತದೆ. ಐಸ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಇರುವಷ್ಟು ಜಾರು ಮೈನಸ್ 15ರಲ್ಲಿ ಇರುವುದಿಲ್ಲ ಎನ್ನುವುದೂ ನೆನಪಿರಲಿ. ಕರಗಲು ಶುರುವಾದ ಐಸಿನ ಮೇಲೆ ನೀರಿನ ಪದರ ಇರುತ್ತದೆ. 'ಇವತ್ತು ಚಳಿ ಕಡಿಮೆ' ಎಂಬ ದಿನವೇ ಹೆಚ್ಚು ಕಾರು ಹೊಂಡಕ್ಕೆ ಬೀಳುತ್ತಿತ್ತು.

ಟಯರಿಗೆ ಇರುವ ಹಿಡಿತ ಒಂದೇ. ಬ್ರೇಕಿಗೂ ಅದೇ, ತಿರುಗಲಿಕ್ಕೂ ಅದೇ, ದೂಡಲಿಕ್ಕೂ ಅದೇ. ನಿಮ್ಮ ಎಣ್ಮಕಜೆ ಕಡೆ ಗುಡ್ಡ ಕೊರೆದು ಮಾಡಿದ ಸುರಂಗದ ನೀರು ಏಪ್ರಿಲಿನಲ್ಲಿ ಬೆರಳು ದಪ್ಪ ಬರುವಾಗ ಮನೆಯಲ್ಲಿ ಹೇಗೆ ಹಂಚುತ್ತಾರೆ? ತೋಟಕ್ಕೆ ಬಿಟ್ಟ ಹೊತ್ತಿನಲ್ಲಿ ಹಟ್ಟಿಗೆ ಇಲ್ಲ. ಹಾಗೆ, ಬ್ರೇಕ್ ಮಾಡುವುದಿದ್ದರೆ ತಿರುವಿಗೆ ಮೊದಲು ನೇರ ರಸ್ತೆಯಲ್ಲಿ ಮುಗಿಸಿ. ಆಮೇಲೆ ತಿರುಗಿ. ಸ್ಟೀರಿಂಗ್ ನೇರವಾದ ಮೇಲೆ ಆಕ್ಸಿಲರೇಟರ್. ಮಳೆಗಾಲದಲ್ಲಿ ನಮ್ಮ ಚೆರ್ಕಳ–ಕಲ್ಲಡ್ಕ ರಸ್ತೆಯ ತಿರುವುಗಳಲ್ಲಿ ಎರಡನ್ನೂ ಒಟ್ಟಿಗೆ ಮಾಡಿ ಬಚಾವಾಗಬಹುದು. ಐಸಿನಲ್ಲಿ ಆಗದು.

ಹಿಂದಿನ ಚಕ್ರದ ಮ್ಯಾನುವಲ್ ಕಾರಿನಲ್ಲಿ ನಿಜವಾದ ಕಳ್ಳ ಬೇರೆಯೇ ಇದ್ದಾನೆ. ಆಕ್ಸಿಲರೇಟರ್ ಅಲ್ಲ, ಅದರಿಂದ ಫಕ್ಕನೆ ಕಾಲು ತೆಗೆಯುವುದು. ನನ್ನ ಮೊದಲ ಚಳಿಗಾಲದಲ್ಲಿ ಕಲಿತ ಪಾಠ ಅದು. ಹಳೇ ಹಿಂದಿನ ಚಕ್ರದ ಕಾರು, ಮೂರನೇ ಗೇರು, ಇಳಿಜಾರಿನ ತಿರುವು. ಮುಂದೆ ಬಿಳಿ ರಸ್ತೆ ಕಂಡು ಹೆದರಿ ಕಾಲು ಎತ್ತಿಬಿಟ್ಟೆ. ಸಾಲದ್ದಕ್ಕೆ ಎರಡನೇ ಗೇರಿಗೆ ಇಳಿಸಿ ಕ್ಲಚ್ ಟಕ್ ಎಂದು ಬಿಟ್ಟೆ. ಇಂಜಿನ್ ಹಿಂದಿನ ಚಕ್ರಗಳನ್ನು ಹಿಡಿದು ಎಳೆಯಿತು. ಹ್ಯಾಂಡ್‌ಬ್ರೇಕ್ ಎಳೆದದ್ದಕ್ಕೂ ಅದಕ್ಕೂ ಏನೂ ವ್ಯತ್ಯಾಸವಿಲ್ಲ. ಕಾರು ಒಂದು ಸುತ್ತು ಸುತ್ತಿ ಹಿಮದ ದಿಣ್ಣೆಯಲ್ಲಿ ಹಿಂಭಾಗ ಹೂತುಕೊಂಡಿತು. ಒಬ್ಬ ರೈತ ಟ್ರ್ಯಾಕ್ಟರ್ ತಂದು ಎಳೆದುಕೊಟ್ಟ. ದುಡ್ಡು ತೆಗೆದುಕೊಳ್ಳಲಿಲ್ಲ, ಆದರೆ ನನ್ನ ಟಯರನ್ನು ಬಗ್ಗಿ ನೋಡಿ ಏನೋ ಗೊಣಗಿದ. ಅವನ ಬವೇರಿಯನ್ ಮಾತು ನನಗೆ ಅರ್ಥವಾಗಲಿಲ್ಲ. ಮುಖ ಅರ್ಥವಾಯಿತು.

ಆದ್ದರಿಂದ ಆಕ್ಸಿಲರೇಟರಿನಿಂದ ಕಾಲು ತೆಗೆಯುವುದೂ ಮೆಲ್ಲಗೆ. ಗೇರ್ ಇಳಿಸುವುದು ನೇರ ರಸ್ತೆಯಲ್ಲಿ, ಇಂಜಿನ್ ಸ್ಪೀಡನ್ನು ಸ್ವಲ್ಪ ಏರಿಸಿ ಕ್ಲಚ್ ನಿಧಾನ ಬಿಟ್ಟು. ಹೊರಡುವಾಗ ಎರಡನೇ ಗೇರಿನಲ್ಲಿ ಹೊರಡಿ, ಚಕ್ರಕ್ಕೆ ಹೋಗುವ ಬಲ ಕಡಿಮೆ, ಗಿರ್ರ್ ಎಂದು ತಿರುಗುವುದಿಲ್ಲ. ಹಿಂಭಾಗ ಜಾರಿಯೇ ಬಿಟ್ಟರೆ ಬ್ರೇಕಿನಿಂದ ಕಾಲು ದೂರ ಇಡಿ. ಎಲ್ಲಿಗೆ ಹೋಗಬೇಕೋ ಅಲ್ಲಿ ನೋಡಿ, ಕೈ ತಾನಾಗಿ ಅಲ್ಲಿಗೇ ತಿರುಗುತ್ತದೆ. ಕ್ಲಚ್ ಒತ್ತಿ. ಕಾರು ನೇರವಾಗಲು ಶುರುವಾದ ಕೂಡಲೇ ಸ್ಟೀರಿಂಗನ್ನೂ ನೇರ ಮಾಡಿ, ಇಲ್ಲದಿದ್ದರೆ ಆಚೆ ಬದಿಗೆ ಇನ್ನೂ ಜೋರಾಗಿ ಬೀಸುತ್ತದೆ. ಹೆಚ್ಚಿನವರು ಗುದ್ದುವುದು ಮೊದಲ ಜಾರಿಗಲ್ಲ, ಈ ಎರಡನೆಯದಕ್ಕೆ. ಇನ್ನೊಂದು ಬಗೆ, ಮುಂದಿನ ಚಕ್ರ ಜಾರುವುದು: ಸ್ಟೀರಿಂಗ್ ತಿರುಗಿಸಿದರೂ ಕಾರು ನೇರ ಹೋಗುತ್ತಿರುತ್ತದೆ. ಆಗ ಇನ್ನಷ್ಟು ತಿರುಗಿಸಲು ಕೈ ತುರಿಸುತ್ತದೆ. ತಿರುಗಿಸಬೇಡಿ. ಸ್ವಲ್ಪ ಹಿಂದಕ್ಕೆ ಬಿಡಿ, ಹಿಡಿತ ವಾಪಸ್ ಬರುತ್ತದೆ.

ಕಾರಿನ ಕಂಪ್ಯೂಟರ್ ಇದನ್ನೆಲ್ಲ ನೋಡಿಕೊಳ್ಳುವುದಿಲ್ಲವೇ ಎಂದು ಕೇಳಬಹುದು. ಒಂದು ಮಟ್ಟಿಗೆ ನೋಡಿಕೊಳ್ಳುತ್ತದೆ. ನಾಲ್ಕು ಚಕ್ರವನ್ನೂ ಬೇರೆ ಬೇರೆ ಹಿಡಿದು ಕಾರನ್ನು ನೇರ ಮಾಡುತ್ತದೆ, ಅದು ನಾನೂ ನೀವೂ ಮಾಡಲಾಗದ ಕೆಲಸ. ಆದರೆ ಇಲ್ಲದ ಹಿಡಿತವನ್ನು ಅದು ಎಲ್ಲಿಂದ ತರುತ್ತದೆ? ಚಾಲೂ ಇರಲಿ. ಆರಿಸುವ ಸಂದರ್ಭ ಒಂದೇ, ಹಿಮದಲ್ಲಿ ಸಿಕ್ಕಿಬಿದ್ದಾಗ. ಆಗ ಚಕ್ರ ಸ್ವಲ್ಪ ತಿರುಗಿದರಷ್ಟೇ ಹೊರಬರಲು ಸಾಧ್ಯ, ಕಂಪ್ಯೂಟರ್ ಬಿಡುವುದಿಲ್ಲ. ಆರಿಸಿ, ಮುಂದೆ ಹಿಂದೆ ತೂಗಿ ಹೊರಬಂದು ಮತ್ತೆ ಹಾಕಿ. ಎಬಿಎಸ್ ಬ್ರೇಕ್ ಕಾಲಿನಡಿ ಗಡಗಡ ಅಂದರೆ ಹೆದರಿ ಕಾಲು ತೆಗೆಯಬೇಡಿ, ಒತ್ತಿಯೇ ಹಿಡಿಯಿರಿ.

ಕಣ್ಣಿಗೆ ಕಾಣದ ಐಸ್ ಬಗ್ಗೆ ಹೇಳಲೇಬೇಕು. ಡಾಂಬರಿನ ಮೇಲೆ ಗಾಜಿನಂಥ ತೆಳು ಪದರ. ಬರೀ ಒದ್ದೆ ರಸ್ತೆಯ ಹಾಗೆ ಕಾಣುತ್ತದೆ. ಸೇತುವೆಯ ಮೇಲೆ ಮೊದಲು ಕಟ್ಟುತ್ತದೆ, ಯಾಕೆಂದರೆ ತಣ್ಣನೆಯ ಗಾಳಿ ಅಲ್ಲಿ ಮೇಲಿನಿಂದಲೂ ಕೆಳಗಿನಿಂದಲೂ ಬಡಿಯುತ್ತದೆ. ಕಾಡಿನ ನೆರಳಿನ ರಸ್ತೆಯಲ್ಲಿ ಮಧ್ಯಾಹ್ನದವರೆಗೂ ಉಳಿಯುತ್ತದೆ. ಮ್ಯೂನಿಕ್ ಕಡೆ ಫೋಯೆನ್ ಎಂಬ ಬಿಸಿಗಾಳಿ ಆಲ್ಪ್ಸ್‌ನಿಂದ ಇಳಿಯುತ್ತದೆ, ನಿಮಗೂ ಗೊತ್ತಿರಬೇಕು. ಒಂದೇ ದಿನದಲ್ಲಿ ಹಿಮ ಕರಗಿ ರಸ್ತೆಯಲ್ಲಿ ಹರಿಯುತ್ತದೆ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಆ ಮಾರನೇ ಬೆಳಿಗ್ಗೆ ಅರ್ಧ ಗಂಟೆ ತಡವಾಗಿ ಹೊರಡಿ. ನನ್ನದೊಂದು ಗುರುತು ಇತ್ತು: ಒದ್ದೆ ರಸ್ತೆಯಲ್ಲಿ ಮುಂದಿನ ಕಾರಿನ ಚಕ್ರದಿಂದ ನೀರು ಚಿಮ್ಮುತ್ತದೆ, ಟಯರಿನ ಸದ್ದು ಸರ್ರ್ ಎಂದು ಕೇಳುತ್ತದೆ. ರಸ್ತೆ ಒದ್ದೆ ಕಾಣುತ್ತಿದೆ, ಆದರೆ ಸದ್ದೇ ಇಲ್ಲ, ಸ್ಟೀರಿಂಗ್ ಹಗುರವಾಗಿದೆ ಎಂದರೆ ನೀವು ಐಸಿನ ಮೇಲಿದ್ದೀರಿ.

ಇದನ್ನೆಲ್ಲ ಓದಿ ಬರುವುದಿಲ್ಲ, ಕಾಲಿಗೆ ಬರಬೇಕು. ಎಡಿಎಸಿ ಎಂಬ ಜರ್ಮನಿಯ ವಾಹನ ಸವಾರರ ಸಂಸ್ಥೆಯವರು ಡ್ರೈವಿಂಗ್ ತರಬೇತಿ ಮಾಡುತ್ತಾರೆ, ನೀರು ಹಾಯಿಸಿದ ನುಣುಪು ಅಂಗಳದಲ್ಲಿ ನಿಮ್ಮದೇ ಕಾರನ್ನು ಬೇಕೆಂದೇ ಜಾರಿಸಿ ಕಲಿಸುತ್ತಾರೆ. ಹೊಸ ಟಯರ್ ಹಾಕಿದ ಮೇಲೆ ಒಂದು ದಿನ ಹೋಗಿ. ಎರಡು ಚಕ್ರದ ಬೆಲೆಗೆ ಜೀವಮಾನದ ಅಭ್ಯಾಸ.

ಕಾರಿನ ಉಳಿದ ತಯಾರಿ ಬೇಗ ಹೇಳುತ್ತೇನೆ. ರೇಡಿಯೇಟರಿನ ಕೂಲೆಂಟ್ ಎಷ್ಟು ಡಿಗ್ರಿವರೆಗೆ ತಡೆಯುತ್ತದೆ ಎಂದು ಗ್ಯಾರೇಜಿನಲ್ಲಿ ಅಳೆಸಿ. ಅರ್ಧ ಗ್ಲೈಕಾಲ್, ಅರ್ಧ ನೀರು ಇದ್ದರೆ ಮೈನಸ್ 37ರವರೆಗೆ ಚಿಂತೆ ಇಲ್ಲ. ಜಾಸ್ತಿ ಗ್ಲೈಕಾಲ್ ಸುರಿದರೆ ಜಾಸ್ತಿ ಒಳ್ಳೆಯದು ಎಂದೂ ಅಲ್ಲ, ಬರೀ ಗ್ಲೈಕಾಲ್ ಮೈನಸ್ 13ಕ್ಕೇ ಗಟ್ಟಿಯಾಗುತ್ತದೆ. ಹಿಂದಿನವರು ಬೇಸಿಗೆಯಲ್ಲಿ ಬಾಟಲಿ ನೀರು ಸುರಿದಿದ್ದರೆ ಮಾತ್ರ ಅಪಾಯ. ನೀರು ಹೆಪ್ಪುಗಟ್ಟುವಾಗ ಹಿಗ್ಗಿ ಇಂಜಿನ್ನನ್ನೇ ಸೀಳಬಹುದು. ಗಾಜು ತೊಳೆಯುವ ನೀರೂ ಚಳಿಗಾಲದ್ದೇ ಬೇಕು. ಬ್ಯಾಟರಿ ನಾಲ್ಕೈದು ವರ್ಷದ್ದಾದರೆ ಬದಲಾಯಿಸಿಬಿಡಿ, ಮೈನಸ್ 18ರ ಹತ್ತಿರ ಅದರ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಟಯರಿನ ಗಾಳಿ ಪ್ರತಿ 10 ಡಿಗ್ರಿ ಇಳಿತಕ್ಕೆ ಸುಮಾರು 0.1 ಬಾರ್ ಇಳಿಯುತ್ತದೆ, ಎರಡು ವಾರಕ್ಕೊಮ್ಮೆ ನೋಡಿ. ಬೆಳಿಗ್ಗೆ ಇಂಜಿನ್ ಸ್ಟಾರ್ಟ್ ಮಾಡಿ ಸುಮ್ನೆ ನಿಲ್ಲಿಸಿಕೊಂಡಿರಬೇಡಿ, ಅಲ್ಲಿ ಅದಕ್ಕೆ ದಂಡ ಇದೆ. ಹೊರಟು, ಮೊದಲ ಹದಿನೈದು ನಿಮಿಷ ಮೂರು ಸಾವಿರ ಆರ್‌ಪಿಎಂ ದಾಟದೆ ಹೋಗಿ. ಕೂಲೆಂಟಿನ ಮುಳ್ಳು ಮೇಲೆ ಬಂದರೂ ಆಯಿಲ್ ಬಿಸಿಯಾಗಲು ಇನ್ನೂ ಹೊತ್ತು ಬೇಕು. ರಾತ್ರಿ ನಿಲ್ಲಿಸುವಾಗ ಸಮತಟ್ಟು ಜಾಗವಾದರೆ ಹ್ಯಾಂಡ್‌ಬ್ರೇಕ್ ಬೇಡ, ಗೇರಿನಲ್ಲಿ ಬಿಡಿ. ಒದ್ದೆಯಾದ ಬ್ರೇಕ್ ಬೆಳಗಾಗುವಾಗ ಅಂಟಿಕೊಂಡಿರುತ್ತದೆ.

ನಿಮ್ಮ ಕಾರಿನ ಬಾಗಿಲಿನ ಗಾಜಿಗೆ ಮೇಲೆ ಚೌಕಟ್ಟಿಲ್ಲ. ಬಾಗಿಲು ತೆಗೆಯುವಾಗ ಗಾಜು ಸ್ವಲ್ಪ ಕೆಳಗಿಳಿಯುತ್ತದೆ, ಗಮನಿಸಿದ್ದೀರಾ? ರಬ್ಬರಿಗೆ ಗಾಜು ಹೆಪ್ಪುಗಟ್ಟಿ ಅಂಟಿದ್ದರೆ ಇಳಿಯುವುದಿಲ್ಲ. ಜೋರಾಗಿ ಎಳೆದರೆ ರಬ್ಬರ್ ಕಿತ್ತುಬರುತ್ತದೆ. ತಿಂಗಳಿಗೊಮ್ಮೆ ರಬ್ಬರಿಗೆ ಸಿಲಿಕೋನ್ ಸವರಿ. ಇದು ಎತ್ತರ ಕಡಿಮೆಯ ಕಾರು ಎನ್ನುವುದೂ ನೆನಪಿರಲಿ. ಹಿಮ ತೆಗೆಯುವ ಲಾರಿ ಹೋದ ಮೇಲೆ ಪಾರ್ಕಿಂಗ್ ಬಾಯಲ್ಲಿ ಮೊಣಕಾಲೆತ್ತರದ ದಿಣ್ಣೆ ಬಿದ್ದಿರುತ್ತದೆ. ನುಗ್ಗಿಸಬೇಡಿ. ಹಿಮ ಹೊಟ್ಟೆಯಡಿ ಒತ್ತಿಕೊಂಡು ಕಾರನ್ನು ಎತ್ತಿ ಕೂರಿಸುತ್ತದೆ, ನಾಲ್ಕೂ ಚಕ್ರ ಗಾಳಿಯಲ್ಲಿ. ಡಿಕ್ಕಿಯಲ್ಲಿ ಒಂದು ಸಣ್ಣ ಸಲಿಕೆ ಇರಲಿ. ಮರಳಿನ ಮೂಟೆ ಇಡಿ ಎಂದು ಹಳಬರು ಹೇಳಬಹುದು, ಅದು ಹಳೇ ದೊಡ್ಡ ಕಾರುಗಳ ಕಾಲದ ಮಾತು. ಹಿಂದಿನ ಆಕ್ಸಲಿನ ಆಚೆ ಭಾರ ಇಟ್ಟರೆ ಜಾರಿದಾಗ ಹಿಂಭಾಗ ಇನ್ನೂ ಜೋರಾಗಿ ಬೀಸುತ್ತದೆ.

ಒಂದು ದಿನ 80ರ ವೇಗದಲ್ಲಿ ಕಾರು ನಡುಗಲು ಶುರುವಾದರೆ ಸಸ್ಪೆನ್ಶನ್ ಹೋಯಿತೆಂದು ಗ್ಯಾರೇಜಿಗೆ ಓಡಬೇಡಿ. ರಿಮ್ಮಿನ ಒಳಬದಿಯಲ್ಲಿ ಹಿಮ ಗಟ್ಟಿಯಾಗಿ ಕೂತು ಚಕ್ರದ ತೂಕ ತಪ್ಪಿರುತ್ತದೆ. ನೀರು ಹಾಯಿಸಿದರೆ ಸರಿ. ಇದೇ ಕಾರಣಕ್ಕೆ ಬಂದವರಿಂದ ಗ್ಯಾರೇಜುಗಳು ಚಳಿಗಾಲದಲ್ಲಿ ಎಷ್ಟು ದುಡ್ಡು ಮಾಡುತ್ತವೆ ಎಂದು ನಾನು ಹೇಳುವುದಿಲ್ಲ, ನಾನೂ ಗ್ಯಾರೇಜಿನವನೇ ಅಲ್ವಾ.

ಉಪ್ಪಿನ ವಿಷಯ ನಮಗೆ ಯಾರೂ ಕಲಿಸಬೇಕಿಲ್ಲ. ಕುಂಬಳೆ, ಬೇಕಲ ಕಡೆ ಸಮುದ್ರದ ಹತ್ತಿರ ನಿಲ್ಲಿಸುವ ಗಾಡಿಗಳ ಅಡಿ ನೋಡಿದವರಿಗೆ ಅದರ ಕೆಲಸ ಗೊತ್ತು. ಅಲ್ಲಿ ಅದೇ ಉಪ್ಪನ್ನು ರಸ್ತೆಗೇ ಎರಚುತ್ತಾರೆ. ಉಪ್ಪು ಬೆರೆತ ನೀರು ಸೊನ್ನೆಗೆ ಹೆಪ್ಪುಗಟ್ಟುವುದಿಲ್ಲ, ಅದಕ್ಕೆ. ಆದರೆ ಮೈನಸ್ 10ರಿಂದ ಕೆಳಗೆ ಸಾದಾ ಉಪ್ಪಿನ ಆಟ ಹೆಚ್ಚು ನಡೆಯುವುದಿಲ್ಲ. ಉಪ್ಪು ಹಾಕಿದ ರಸ್ತೆಯಾದರೂ ಅಂಥ ಚಳಿಯಲ್ಲಿ ನಂಬಬೇಡಿ. ಬ್ರೇಕ್ ಡಿಸ್ಕಿನ ಮೇಲೂ ಉಪ್ಪುನೀರಿನ ಪದರ ಕೂರುತ್ತದೆ, ಹೈವೇಯಲ್ಲಿ ಬಹಳ ಹೊತ್ತು ಬ್ರೇಕ್ ಮುಟ್ಟದೆ ಹೋದರೆ ಮೊದಲ ಒತ್ತು ಮೊದ್ದಾಗಿರುತ್ತದೆ. ಹಿಂದೆ ಯಾರೂ ಇಲ್ಲದಾಗ ಆಗಾಗ ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳಿ. ಈಗಲೇ ಕಾರನ್ನು ಎತ್ತಿಸಿ, ಅಡಿ ತೊಳೆಸಿ, ಒಣಗಿದ ಮೇಲೆ ಮೇಣದ ಕೋಟಿಂಗ್ ಮಾಡಿಸಿ. ಆಮೇಲೆ ಎರಡು ವಾರಕ್ಕೊಮ್ಮೆ ಅಡಿಗೆ ನೀರು ಹೊಡೆಯುವ ವಾಶ್‌ಗೆ ಹೋಗಿ, ಸೊನ್ನೆಗಿಂತ ಮೇಲಿರುವ ದಿನ ನೋಡಿ. ಕೊನೆಯ ಉಪ್ಪು ಬಿದ್ದ ಮೇಲಿನ ಏಪ್ರಿಲ್ ತೊಳೆತವೇ ಮುಖ್ಯ. ತುಕ್ಕು ಚಳಿಯಲ್ಲಿ ಮಲಗಿರುತ್ತದೆ, ಸೆಕೆ ಬಂದಾಗ ಏಳುತ್ತದೆ.

ಇಷ್ಟೆಲ್ಲ ಬೇಡಪ್ಪ ಎನಿಸಿದರೆ ಇನ್ನೊಂದು ದಾರಿ ಇದೆ, ಅದರಲ್ಲಿ ನಾಚಿಕೆ ಏನಿಲ್ಲ. ಜರ್ಮನಿಯಲ್ಲಿ ಸೀಸನ್ ನಂಬರ್ ಪ್ಲೇಟ್ ಸಿಗುತ್ತದೆ. ಏಪ್ರಿಲಿನಿಂದ ಅಕ್ಟೋಬರ್ ಎಂದು ಬರೆಸಿದರೆ ಆ ತಿಂಗಳುಗಳಿಗೆ ಮಾತ್ರ ತೆರಿಗೆ, ಇನ್ಶೂರೆನ್ಸ್. ಉಳಿದ ಸಮಯ ರಸ್ತೆಗೆ ತರುವಂತಿಲ್ಲ, ರಸ್ತೆ ಬದಿಯಲ್ಲಿ ನಿಲ್ಲಿಸುವಂತೆಯೂ ಇಲ್ಲ. ಬಾಡಿಗೆಗೆ ಒಂದು ಶೆಡ್ ಸಿಕ್ಕರೆ ನೋಡಿ. ನಾನಾದರೆ ಓಡಿಸುತ್ತೇನೆ. ಈ ಕಾರು 1,200 ಕಿಲೋದ ಆಚೀಚೆ ತೂಗುವ ಹಗುರ ಕಾರು, 200 ಎಚ್‌ಪಿಯ ಇಂಜಿನ್, ಏನಾಗುತ್ತಿದೆ ಎಂದು ಸೀಟಿನ ಮೂಲಕವೇ ಹೇಳುತ್ತದೆ. ಹಿಮದಲ್ಲಿ ಓಡಿಸಲು ಕಲಿಯಲಿಕ್ಕೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಕಡಿಮೆ.

ಇನ್ಸ್‌ಬ್ರುಕ್ ಬಗ್ಗೆ ಕೇಳಿದ್ದೀರಿ. ಮ್ಯೂನಿಕ್‌ನಿಂದ ಗಾರ್ಮಿಶ್, ಮಿಟ್ಟನ್‌ವಾಲ್ಡ್ ಮೇಲೆ ಹೋಗುವ ದಾರಿ ತುಂಬಾ ಚಂದ, ಫೋನಿನ ಮ್ಯಾಪೂ ಅದನ್ನು ತೋರಿಸಬಹುದು. ಆದರೆ ಕೊನೆಯಲ್ಲಿ ಸೀಫೆಲ್ಡ್ ದಾಟಿದ ಮೇಲೆ ಜಿರ್ಲರ್ ಬೆರ್ಗ್ ಎಂಬ ಇಳಿಜಾರು ಬರುತ್ತದೆ. ಶೇ. 15ರಷ್ಟು ಕಡಿದು. ಬ್ರೇಕ್ ತಪ್ಪಿದ ಗಾಡಿಗಳಿಗೆಂದೇ ಬದಿಯಲ್ಲಿ ಓಡಿಹೋಗುವ ದಾರಿ ಮಾಡಿಟ್ಟಿದ್ದಾರೆ ಎಂದರೆ ಯೋಚಿಸಿ. ಮೊದಲ ಚಳಿಗಾಲದಲ್ಲಿ ಅದು ಬೇಡ. ರೋಸನ್‌ಹೈಮ್, ಕುಫ್‌ಸ್ಟೈನ್ ಮೂಲಕ ಇನ್ ನದಿಯ ಕಣಿವೆಯಲ್ಲಿ ಹೋಗಿ. ಹೆಚ್ಚುಕಡಿಮೆ ಸಮತಟ್ಟು ಹೈವೇ, ಹಿಮ ತೆಗೆಯುವ ಲಾರಿಗಳು ಸದಾ ಓಡುತ್ತಿರುತ್ತವೆ. ಹೋಗುವಾಗ ಇರ್ಶನ್‌ಬೆರ್ಗ್ ಎಂಬ ಚಡಾವು ಸಿಗುತ್ತದೆ, ಹಿಮ ಬಿದ್ದರೆ ಲಾರಿಗಳು ಅಲ್ಲಿ ಅಡ್ಡ ನಿಂತು ಗಂಟೆಗಟ್ಟಲೆ ಬ್ಲಾಕ್. ಟ್ಯಾಂಕ್ ತುಂಬಿಸಿ, ಕಂಬಳಿ, ನೀರು, ತಿನ್ನಲು ಏನಾದರೂ ಇಟ್ಟುಕೊಂಡು ಹೊರಡಿ. ಆಸ್ಟ್ರಿಯಾದ ಹೈವೇಗೆ ವಿನ್ಯೆಟ್ ಎಂಬ ಟೋಲ್ ಪಾಸ್ ಬೇಕು, ಮೊದಲೇ ಕೊಂಡುಕೊಳ್ಳಿ. ಅಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ರಸ್ತೆ ಹಿಮದ್ದಾದರೆ ವಿಂಟರ್ ಟಯರ್ ಕಡ್ಡಾಯ. ನೀಲಿ ಬೋರ್ಡಿನಲ್ಲಿ ಚೈನ್ ಸುತ್ತಿದ ಚಕ್ರದ ಚಿತ್ರ ಕಂಡರೆ ಚೈನ್ ಹಾಕದೆ ಮುಂದೆ ಹೋಗುವಂತಿಲ್ಲ. ನಿಮ್ಮದಕ್ಕೆ ಹಿಂದಿನ ಎರಡು ಚಕ್ರಕ್ಕೆ ಚೈನ್. ಯಾವ ಟಯರ್ ಸೈಜಿಗೆ ಚೈನ್ ಹಾಕಬಹುದು ಎಂದು ಕಾರಿನ ಕೈಪಿಡಿಯಲ್ಲಿ ಇದೆ. ಮನೆಯ ಪಾರ್ಕಿಂಗಿನಲ್ಲಿ ಒಮ್ಮೆ ಹಾಕಿ ಬಿಚ್ಚಿ ಅಭ್ಯಾಸ ಮಾಡಿ. ಮೈನಸ್ 8ರಲ್ಲಿ, ಕತ್ತಲಲ್ಲಿ, ಮರಗಟ್ಟಿದ ಬೆರಳಿನಲ್ಲಿ ಕಲಿಯುವ ಕೆಲಸವಲ್ಲ ಅದು.

ಒಂದು ಮಾತ್ರ ನೀವು ಯೋಚಿಸಿದ ಹಾಗಿಲ್ಲ. ಆ ಕಾರಿನ ಹಿಂದಿನ ಸೀಟಿನಲ್ಲಿ ಕೂತು ನೋಡಿದ್ದೀರಾ? ದಪ್ಪ ಜಾಕೆಟ್ ಹಾಕಿಕೊಂಡ ಅಮ್ಮನನ್ನು ಅಲ್ಲಿ ಎರಡು ಗಂಟೆ ಕೂರಿಸಿದರೆ ಇನ್ಸ್‌ಬ್ರುಕ್ ಮುಟ್ಟುವಾಗ ಅವರ ಮೊಣಕಾಲು ನಿಮ್ಮ ಜತೆ ಮಾತು ಬಿಟ್ಟಿರುತ್ತದೆ. ಮ್ಯೂನಿಕ್‌ನಿಂದ ನೇರ ಟ್ರೈನ್ ಇದೆ, ಅದೇ ಕಣಿವೆಯಲ್ಲಿ ಹೋಗುತ್ತದೆ, ಕಿಟಕಿಯಿಂದ ಹಿಮದ ಬೆಟ್ಟ ನೋಡಿಕೊಂಡು ಹೋಗಬಹುದು. ಅವರಿಬ್ಬರನ್ನೂ ಅದರಲ್ಲಿ ಕರೆದುಕೊಂಡು ಹೋಗಿ. ವಾಪಸ್ ಬಂದ ಮೇಲೆ, ಹಿಮ ಇಲ್ಲದ ಒಂದು ಮಧ್ಯಾಹ್ನ ನೋಡಿ ಅಪ್ಪನನ್ನು ಮಾತ್ರ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಒಂದು ರೌಂಡ್ ಹೋಗಿಬನ್ನಿ.